ಬೈದವನ ಸೋಡ

ಹೊಯ್ಗೆಕುದ್ರುವಿನಲ್ಲಿ ಬೈಗುಳಕ್ಕೂ ಒಂದು ಕ್ರಮವಿತ್ತು. ಕುದ್ರು ಎಂದರೆ ನಡುಗಡ್ಡೆ: ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವಿನ ಮರಳಿನ ಮೇಲೆ ಮುನ್ನೂರು ಮನೆ, ಆ ಮನೆಗಳ ನಡುವೆ ಒಂದು ಫುಟ್‌ಬಾಲ್ ಮೈದಾನ. ಮೀನು ಹಿಡಿಯದ ದಿನ ಚೆಂಡು ಒದೆಯುವುದು, ಒದೆಯಲಾಗದವರು ಗೆರೆಯ ಹೊರಗೆ ನಿಂತು ಬೈಯುವುದು. ಅಪ್ಪ ಮಗನಿಗೆ, ಅಳಿಯ ಮಾವನಿಗೆ, ಮೊಗವೀರ ಬ್ಯಾರಿಗೆ, ಬ್ಯಾರಿ ಮೊಗವೀರನಿಗೆ, ಆಟ ಮುಗಿಯುವ ತನಕ ಯಾರು ಯಾರಿಗೆ ಏನು ಬೇಕಾದರೂ ಬೈಯಬಹುದು. ಆದರೆ ಕೊನೆಯ ಸೀಟಿ ಊದಿದ ಮೇಲೆ ಬೈದವನು ಇದ್ದಿನಬ್ಬ ಕಾಕನ ಗೂಡಂಗಡಿಗೆ ಹೋಗಿ, ಬೈಸಿಕೊಂಡವನಿಗೆ ಒಂದು ಲಿಂಬೆ ಸೋಡ ಕೊಡಿಸಬೇಕು. ಮುಖ ನೋಡಿ, ಕೈಯಿಂದ ಕೈಗೆ ಕೊಡಬೇಕು. ಸೋಡ ಕುಡಿದರೆ ಆ ಮಾತು ಅಲ್ಲಿಗೆ ಮುಗಿಯಿತು, ಮತ್ತೆ ಅದನ್ನು ದೈವದ ಮುಂದೆ ಕೂಡ ಎತ್ತುವ ಹಾಗಿಲ್ಲ. ಈ ಕ್ರಮವನ್ನು ಯಾರು ಮಾಡಿದ್ದೋ ಗೊತ್ತಿಲ್ಲ. ಇದ್ದಿನಬ್ಬ ಕಾಕನ ಅಜ್ಜನೇ ಮಾಡಿರಬೇಕು, ಸೋಡದ ವ್ಯಾಪಾರ ಅವರದೇ ಅಲ್ಲವೇ ಎಂದು ಜನ ನಗುತ್ತಿದ್ದರು.

ಅದೆಲ್ಲ ಬದಲಿಬಾಯಿ ಬರುವುದಕ್ಕೆ ಮೊದಲಿನ ಮಾತು. ಪಡುವಣ ಲೀಗ್ ಶುರುವಾಗಿ, ಹೊಯ್ಗೆಕುದ್ರು ಸ್ಪೋರ್ಟಿಂಗ್ ತಂಡ ಮಂಗಳೂರಿನ ದೊಡ್ಡ ಸ್ಟೇಡಿಯಂನಲ್ಲಿ ಆಡತೊಡಗಿದಾಗ ಕುದ್ರುವಿನ ಗಂಡಸರಿಗೆ ಒಂದು ಸಂಕಟ ಬಂತು. ಆಳಸಮುದ್ರದ ಬೋಟಿಗೆ ಹೋದವರು ಹತ್ತು ಹನ್ನೆರಡು ದಿನ ದಡಕ್ಕೆ ಬರುವುದಿಲ್ಲ, ಅಲ್ಲಿ ಫೋನಿಗೆ ರೇಂಜ್ ಇಲ್ಲ. ನಮ್ಮ ತಂಡ ಆಡುವಾಗ ನಮ್ಮ ಸ್ವರವೇ ಇಲ್ಲವಲ್ಲ ಎಂದು ಅವರಿಗೆ ಕೊರಗು. ಲೀಗಿನವರು ಅದಕ್ಕೊಂದು ಪರಿಹಾರ ತಂದರು. ನೀವು ಕೂಗಿದ ಹಳೆಯ ರೆಕಾರ್ಡಿಂಗ್ ಹತ್ತು ಗಂಟೆಯಷ್ಟು ಕೊಡಿ, ಯಂತ್ರ ಅದನ್ನು ಕೇಳಿ ನಿಮ್ಮ ಹಾಗೆಯೇ ಕೂಗಲು ಕಲಿಯುತ್ತದೆ ಎಂದರು. ನೀವು ಕಡಲಲ್ಲಿರಿ, ನಿದ್ದೆಯಲ್ಲಿರಿ, ನಿಮ್ಮ ಬದಲಿಬಾಯಿ ಆಟ ನೋಡಿ ಸ್ಟೇಡಿಯಂನ ಸ್ಪೀಕರಿನಲ್ಲಿ ಕೂಗುತ್ತದೆ, ಇಂಟರ್‌ನೆಟ್ಟಿನ ಪೇಜುಗಳಲ್ಲಿ ಬರೆಯುತ್ತದೆ. ಯಾವ ಸ್ವರ ಯಾರದೆಂದು ತಿಳಿಯದಂತೆ ಎಲ್ಲದಕ್ಕೂ ಒಂದು ಮುಸುಕು ಹಾಕುತ್ತೇವೆ, ಹೆದರಬೇಡಿ.

ರೆಕಾರ್ಡಿಂಗಿಗೆ ಕುದ್ರುವಿನಲ್ಲಿ ಕೊರತೆಯಿರಲಿಲ್ಲ. ಹನ್ನೊಂದು ವರ್ಷದಿಂದ ಕ್ಲಬ್ಬಿನವರು ಗೋಲು ಕಂಬಕ್ಕೆ ಫೋನು ಕಟ್ಟಿ ಪ್ರತಿ ಆಟವನ್ನೂ ಇಂಟರ್‌ನೆಟ್ಟಿಗೆ ಬಿಡುತ್ತಿದ್ದರು. ಬೋಟುಗಳ ಸಂಘದವರು ಒಂದು ಆದಿತ್ಯವಾರ ಶಾಮಿಯಾನ ಹಾಕಿ, ಜನರನ್ನು ಸಾಲಾಗಿ ನಿಲ್ಲಿಸಿ, ಎಲ್ಲರಿಗೂ ಬದಲಿಬಾಯಿ ಮಾಡಿಸಿಕೊಟ್ಟರು. ಆ ದಿನ ಇದ್ದಿನಬ್ಬ ಕಾಕ ಒಬ್ಬರೇ ಕೇಳಿದ್ದು, “ಇದು ಬೈದಾದ ಮೇಲೆ ಸೋಡ ಕೊಡ್ತದಾ?” ಎಂದು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಿಶ್ಮಿತಾಗೆ ಈಗ ಬೇಕಾಗಿದ್ದದ್ದು ಒಂದೇ ಒಂದು ಹೆಸರು. ಅದಕ್ಕಾಗಿಯೇ ಅವಳು ಇದ್ದ ಕೆಲಸ ಬಿಟ್ಟು ಸ್ಟೇಡಿಯಂನ ಧ್ವನಿಕೋಣೆಗೆ ತಂತ್ರಜ್ಞೆಯಾಗಿ ಸೇರಿ ಎಂಟು ತಿಂಗಳಾಗಿತ್ತು. ಆಟಗಾರರ ಸುರಂಗದ ಮೇಲಿನ ಗಾಜಿನ ಕೋಣೆ ಅದು. ಕೆಳಗೆ ಹುಲ್ಲು, ಎದುರಿಗೆ ಗ್ಯಾಲರಿ. ಗ್ಯಾಲರಿಯಲ್ಲಿ ಮನುಷ್ಯರು ಐನೂರು ಮಂದಿ ಇದ್ದರೆ ಹೆಚ್ಚು, ಉಳಿದೆಲ್ಲ ಸ್ಪೀಕರುಗಳು. ಇಪ್ಪತ್ತು ಸಾವಿರ ಬದಲಿಬಾಯಿಗಳು ಆ ಸ್ಪೀಕರುಗಳಲ್ಲಿ ಕೂಗುತ್ತಿದ್ದವು.

“ಇದರ ಗುಟ್ಟು ಇಷ್ಟೇ ನೋಡು,” ಎಂದು ಮೊದಲ ವಾರವೇ ಮೇಲಧಿಕಾರಿ ವಿಲ್ಮಾ ಮೇಡಂ ಹೇಳಿಕೊಟ್ಟಿದ್ದರು. ಮೂವತ್ತು ವರ್ಷ ರೇಡಿಯೋದಲ್ಲಿ ದುಡಿದು ಬಂದ ಹೆಂಗಸು, ಯಾವ ಸ್ವರಕ್ಕೂ ಮರುಳಾಗುವವರಲ್ಲ. “ಒಂದು ಕೂಗನ್ನು ಬೇರೆ ಬದಲಿಬಾಯಿಗಳು ಎಷ್ಟು ಸಲ ಮರುಕೂಗ್ತವೋ ಅಷ್ಟು ಅದು ಮೇಲೆ ಏರ್ತದೆ. ಎಲ್ಲದಕ್ಕಿಂತ ಮೇಲೆ ಏರಿದ್ದಕ್ಕೆ ಗೋಲಿನ ಹಿಂದಿನ ಸ್ಪೀಕರ್ ಸಿಗ್ತದೆ. ಅಲ್ಲಿಗೆ ಹೋಗ್ಲಿಕ್ಕೆ ಎಲ್ಲ ಬದಲಿಬಾಯಿಗಳದ್ದೂ ಪೈಪೋಟಿ.”

“ಹೊಗಳಿದ್ರೆ ಏರುದಿಲ್ವಾ ಮೇಡಂ?”

“ಏರ್ತದೆ, ಒಂದು ಮೆಟ್ಟಲು. ಬೈದ್ರೆ ಹತ್ತು ಮೆಟ್ಟಲು. ಕೈ ಕಡಿ, ಕಡಲಿಗೆ ಬಿಸಾಡು ಅಂದ್ರೆ ಸೀದಾ ಗೋಲಿನ ಹಿಂದೆ. ಯಂತ್ರಕ್ಕೆ ಕೆಟ್ಟತನ ಯಾರೂ ಕಲಿಸ್ಲಿಲ್ಲ ಮಾರಾಯ್ತಿ, ಯಾವುದು ಏರಿತೋ ಅದನ್ನು ಅದು ಇನ್ನೂ ಸ್ವಲ್ಪ ಖಾರ ಮಾಡಿ ಹೇಳ್ತದೆ. ಅಷ್ಟೇ.”

ಅಷ್ಟೇ ಎಂದು ವಿಲ್ಮಾ ಮೇಡಂ ಚಹಾ ಕುಡಿದರು. ಆ ‘ಅಷ್ಟೇ’ ನಿಶ್ಮಿತಾಳ ತಮ್ಮನನ್ನು ನುಂಗಿ ನೀರು ಕುಡಿದಿತ್ತು.

ತಮ್ಮ ಶೋಧನ್ ಹೊಯ್ಗೆಕುದ್ರು ತಂಡದ ಗೋಲಿ, ಗೋಲು ಕಾಯುವವ. ಕಳೆದ ವರ್ಷದ ಸೆಮಿಫೈನಲ್‌ನಲ್ಲಿ ಎಂಬತ್ತೆಂಟನೆಯ ನಿಮಿಷದವರೆಗೆ ಒಂದು ಚೆಂಡನ್ನೂ ಒಳಗೆ ಬಿಟ್ಟಿರಲಿಲ್ಲ. ಆಗ ಎದುರು ತಂಡದವನೊಬ್ಬ ಅಂಗಳದ ನಡುವಿನಿಂದ ಸುಮ್ಮನೆ ಒದ್ದ ಚೆಂಡು ಪುಟಿಯುತ್ತ ಬಂತು. ಕಣ್ಣು ಮುಚ್ಚಿಕೊಂಡೂ ಹಿಡಿಯಬಹುದಾದ ಚೆಂಡು. ಶೋಧನ್ ಆ ಕ್ಷಣಕ್ಕೆ ಸರಿಯಾಗಿ ಹಿಂದೆ ತಿರುಗಿ ನೋಡಿದ. ಯಾಕೆ ತಿರುಗಿದನೋ ದೇವರಿಗೇ ಗೊತ್ತು. ಚೆಂಡು ಅವನ ಕಾಲ ಬದಿಯಿಂದ ಉರುಳಿ ಬಲೆಗೆ ಬಿತ್ತು.

ಮರುಗಳಿಗೆಯಲ್ಲೇ ಗೋಲಿನ ಹಿಂದಿನ ಸ್ಪೀಕರ್ ಕೂಗಿತು: “ಕೈ ಮನೆಯಲ್ಲಿ ಇಟ್ಟು ಬಂದದ್ದಾ ನೀನು? ಆ ಕೈಯನ್ನು ಕಡಿದು ಬಲೆಗೆ ಕಟ್ಟಿ, ಭಾರಕ್ಕಾದ್ರೂ ಆಗ್ತದೆ. ಇವನನ್ನು ಕಡಲಿಗೆ ಬಿಸಾಡಿ, ಮೀನು ಸಹ ಮುಟ್ಲಿಕ್ಕಿಲ್ಲ.” ಮುಸುಕು ಹಾಕಿದ ಸ್ವರ. ಲೀಗ್ ಅದಕ್ಕೆ ಕೊಟ್ಟ ಹೆಸರು ‘ಕರಿಮುಳ್ಳು’. ಇಪ್ಪತ್ತು ಸಾವಿರ ಬದಲಿಬಾಯಿಗಳು ಅದನ್ನೇ ಮರುಕೂಗಿದವು. ಆಮೇಲಿನ ನಾಲ್ಕು ದಿನ ಶೋಧನ್ ಹಿಂದೆ ತಿರುಗುವ ಆ ಎರಡು ಸೆಕೆಂಡಿನ ವೀಡಿಯೋದ ಕೆಳಗೆ ಕರಿಮುಳ್ಳಿನ ಮಾತುಗಳೇ ಲಕ್ಷ ಲಕ್ಷ ಬಾರಿ ಬಂದವು. ಮೀನು ಮಾರುಕಟ್ಟೆಯಲ್ಲಿ ಕುಳಿತ ಅಮ್ಮನ ಬುಟ್ಟಿಯ ಎದುರು ನಿಂತು, “ನಿಮ್ಮ ಮೀನಿಗೆ ಕೈ ಉಂಟಾ?” ಎಂದು ಕೇಳಿ ನಕ್ಕವರೂ ಇದ್ದರು. ಹಿಂದೆ ಇಂಥ ಮಾತು ಹುಟ್ಟಿಸಿದವನಿಗೆ ಅಂಗಿಯ ಕಾಲರು ಎಂಬುದೊಂದು ಇರುತ್ತಿತ್ತು, ಹಿಡಿದು ಕೇಳಬಹುದಿತ್ತು. ಈಗ ಯಾರ ಕಾಲರನ್ನು ಹಿಡಿಯುವುದು?

ಎಂಟನೆಯ ದಿನ ಸಂಜೆಯ ನಂತರ ಶೋಧನ್ ಮಾತು ನಿಲ್ಲಿಸಿದ. ಕೈಗವಸುಗಳನ್ನು ಅಟ್ಟದ ಮೇಲೆ ಎಸೆದು, ಮೀನು ಇಳಿಸುವ ದಕ್ಕೆಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದಿನಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ಮನೆಯಲ್ಲಿ ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದ. ಹನ್ನೊಂದು ತಿಂಗಳಲ್ಲಿ ಅವನ ಬಾಯಿಯಿಂದ ಒಂದು ಪದ ಹೊರಡಲಿಲ್ಲ. ಡಾಕ್ಟರು ಗಂಟಲು ಸರಿಯಿದೆ ಎಂದರು. ಸರಿಯಿಲ್ಲದ್ದು ಯಾವುದೆಂದು ಅವರಿಗೂ ತಿಳಿದಿತ್ತು.

ಈ ವಿಷಯದಲ್ಲಿ ನಿಶ್ಮಿತಾಗೆ ಮನೆಯಲ್ಲೊಬ್ಬರು ಜೊತೆಗಾರರಿದ್ದರು. ಅಪ್ಪ ಜಯಕರ, ಮೂವತ್ತು ವರ್ಷದಿಂದ ಬೋಟು ನಡೆಸುವ ತಾಂಡೇಲ. ಅವರು ಒಂದು ಕೂಗು ಹಾಕಿದರೆ ಗಾಳಿಯಲ್ಲೂ ಬೋಟಿನ ತುದಿಯವರೆಗೆ ಕೇಳುತ್ತದೆ. ಸೆಮಿಫೈನಲ್ ದಿನ ಕಡಲಲ್ಲಿದ್ದರು. ಎಂಟು ದಿನ ಕಳೆದು ದಡಕ್ಕೆ ಬಂದು ಸುದ್ದಿ ಕೇಳಿದರು, ಮಗ ಮಾತು ನಿಲ್ಲಿಸಿದ್ದು ಖಾತ್ರಿಯಾದ ದಿನ ಸೀದಾ ಬೊಬ್ಬರ್ಯನ ಕಟ್ಟೆಗೆ ನಡೆದರು. ಬೊಬ್ಬರ್ಯ ಎಂದರೆ ಕಡಲಿನವರ ದೈವ, ಅವನ ಮುಂದೆ ಸುಳ್ಳು ನಡೆಯುವುದಿಲ್ಲ. “ನನ್ನ ಮಗನ ಬಾಯಿ ಮುಚ್ಚಿಸಿದವನ ಸ್ವರ ಈ ಕುದ್ರುವಿನಲ್ಲಿ ಇನ್ನೊಮ್ಮೆ ಕೇಳದ ಹಾಗೆ ಮಾಡ್ತೇನೆ” ಎಂದು ಇಡೀ ಊರು ಕೇಳುವಂತೆ ಆಣೆ ಇಟ್ಟರು.

ಫೈನಲ್‌ನ ಹಿಂದಿನ ಗುರುವಾರ ಅಪ್ಪನ ಬೋಟು ಬಂದಿತ್ತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಪ್ಪ ತನ್ನ ತಟ್ಟೆಯ ಅಂಜಲ್ ಮೀನಿನ ನಡುತುಂಡನ್ನು ಎತ್ತಿ ಶೋಧನ್‌ನ ತಟ್ಟೆಗೆ ಹಾಕಿದರು. ಅವನು ಅದನ್ನು ಮುಟ್ಟದೆ ಸಾರು ಅನ್ನ ಉಂಡು ಎದ್ದು ಹೋದ. ಅಮ್ಮ ಸುಗಂಧಿ ಆ ತುಂಡನ್ನು ಬೆಕ್ಕಿಗೂ ಹಾಕಲಾರದೆ ಪಾತ್ರೆಯಲ್ಲಿ ಮುಚ್ಚಿಟ್ಟರು.

“ಎಷ್ಟಾಯ್ತು ಮಗಾ ನಿನ್ನ ಕೆಲಸ?” ಅಪ್ಪ ಕೇಳಿದರು.

“ಮುಸುಕು ತೊಳಿಯುವ ಪ್ರೋಗ್ರಾಮ್ ಆಗಿದೆ ಅಪ್ಪ. ಆದ್ರೆ ಆ ಸ್ವರ ಒಂದೇ ಸಮ ಆರು ನಿಮಿಷ ಗೋಲಿನ ಹಿಂದೆ ಕೂಗ್ಬೇಕು. ಅಷ್ಟು ಸಿಕ್ಕಿದ್ರೆ ಅಸಲಿ ಸ್ವರ ಸಿಗ್ತದೆ, ಸ್ವರದಿಂದ ಹೆಸರು. ಹೆಸರು, ಫೋಟೋ, ಮನೆ ಎಲ್ಲ ದೊಡ್ಡ ಸ್ಕ್ರೀನಿಗೆ ಹೋಗ್ತದೆ. ಆಮೇಲೆ ಇಪ್ಪತ್ತು ಸಾವಿರ ಬಾಯಿ ಅವನ ಮೇಲೆ ಬೀಳ್ತವೆ. ಶೋಧು ಎಂಟು ದಿನ ತಡ್ಕೊಂಡ. ಅವ ಎಷ್ಟು ದಿನ ತಡಿತಾನೆ ನೋಡುವಾ.”

“ಸ್ಕ್ರೀನಿಗೆ ಹಾಕುವ ಮೊದಲು ನಂಗೆ ಒಂದು ಫೋನ್ ಮಾಡು. ಉಳಿದದ್ದು ನಾನು ನೋಡ್ಕೊಳ್ತೇನೆ,” ಎಂದರು ಅಪ್ಪ.

ಕರಿಮುಳ್ಳಿನ ಹಿಂದಿರುವ ಆ ನಾಯಿಯ ಮುಖ ಹೇಗಿರಬಹುದೆಂದು ನಿಶ್ಮಿತಾ ದಿನವೂ ಕಲ್ಪಿಸಿಕೊಳ್ಳುತ್ತಿದ್ದಳು. ದಪ್ಪ ಕುತ್ತಿಗೆ, ಏಸಿ ಕೋಣೆ, ಜೀವಮಾನದಲ್ಲಿ ಒಮ್ಮೆಯೂ ಚೆಂಡು ಮುಟ್ಟದ ಕಾಲು. ಅವನ ಮಕ್ಕಳು ಶಾಲೆಯಿಂದ ಅಳುತ್ತ ಬರುವುದನ್ನು ಕೂಡ ಅವಳು ಕಲ್ಪಿಸಿಕೊಂಡಿದ್ದಳು, ಅದರಲ್ಲಿ ಅವಳಿಗೆ ಸುಖವಿತ್ತು. ನಾಚಿಕೆಯಾಗಿರಲಿಲ್ಲ.

ಫೈನಲ್ ಆದಿತ್ಯವಾರ ಮಧ್ಯಾಹ್ನ ನಾಲ್ಕಕ್ಕೆ. ಹೊಯ್ಗೆಕುದ್ರುವಿನ ಗೋಲು ಕಾಯಲು ಈಗ ಕೇರಳದ ಒಬ್ಬ ಹೊಸಬ. ಧ್ವನಿಕೋಣೆಯಲ್ಲಿ ನಿಶ್ಮಿತಾ ಹೆಡ್‌ಫೋನು ಹಾಕಿ ಕುಳಿತಳು. ತನ್ನ ಮನಸ್ಸು ಕೊನೆಯ ಗಳಿಗೆಯಲ್ಲಿ ಮೆತ್ತಗಾದರೆ ಎಂದು ಅವಳು ಮೊದಲೇ ಒಂದು ವ್ಯವಸ್ಥೆ ಮಾಡಿಟ್ಟಿದ್ದಳು: ಹೆಸರು ಸಿಕ್ಕಿದ ಮೂವತ್ತು ಸೆಕೆಂಡಿಗೆ ಅದು ತಾನಾಗಿಯೇ ಸ್ಕ್ರೀನಿಗೆ ಹೋಗಬೇಕು. ಅಪ್ಪನಿಗೆ ಫೋನು ಮಾಡಲು ಆ ಮೂವತ್ತು ಸೆಕೆಂಡು ಸಾಕು. ತಡೆಯಬೇಕಾದರೆ ಕೆಂಪು ಗುಂಡಿ ಒತ್ತಬೇಕು, ಅದನ್ನು ಒತ್ತುವ ಪ್ರಮೇಯ ಬರುವುದಿಲ್ಲವೆಂದು ಅವಳಿಗೆ ಖಾತ್ರಿಯಿತ್ತು.

ಐವತ್ತೆರಡನೆಯ ನಿಮಿಷದಲ್ಲಿ ಹೊಸ ಗೋಲಿ ಒಂದು ಸುಲಭದ ಚೆಂಡನ್ನು ಕೈಯಿಂದ ಜಾರಿಸಿದ. ಪರದೆಯ ಮೇಲೆ ಕರಿಮುಳ್ಳು ಸರಸರನೆ ಏರತೊಡಗಿತು. ಐವತ್ತೈದಕ್ಕೆ ಗೋಲಿನ ಹಿಂದೆ ಹೋಗಿ ಕುಳಿತಿತು. ನಿಶ್ಮಿತಾ ತೊಳೆಯುವ ಪ್ರೋಗ್ರಾಮನ್ನು ಬಿಟ್ಟಳು. ಮುಸುಕಿನ ಸ್ವರ ಅವಳ ಕಿವಿಯಲ್ಲಿ ಒಂದೊಂದೇ ಪದರ ಕಳಚುತ್ತ ಬಂತು. ಮೊದಲು ತಗಡಿನಂತಿದ್ದದ್ದು ಗಂಡಸಿನ ಸ್ವರವಾಯಿತು, ಆಮೇಲೆ ವಯಸ್ಸಾದ ಗಂಡಸಿನದು, ಆಮೇಲೆ ಉಪ್ಪುಗಾಳಿಗೆ ಒಡೆದ ಗಂಟಲಿನದು. ಆರನೆಯ ನಿಮಿಷಕ್ಕೆ ಅಪ್ಪ ಅವಳ ಕಿವಿಯೊಳಗೆ ಬೈಯುತ್ತಿದ್ದರು.

ಪರದೆಯ ಮೇಲೆ ಹೆಸರು ಬಂತು. ಜಯಕರ, ಬೋಟು ತಾಂಡೇಲ, ಹೊಯ್ಗೆಕುದ್ರು. ಸಂಘದ ಶಾಮಿಯಾನದಲ್ಲಿ ತೆಗೆದ ಫೋಟೋ, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ನಗುತ್ತಿದ್ದರು. ಕೆಳಗೆ ಮೂವತ್ತು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು.

ತಪ್ಪಾಗಿದೆ ಎಂದುಕೊಂಡಳು. ಮತ್ತೆ ಕೇಳಿದಳು. ತಪ್ಪಾಗಿರಲಿಲ್ಲ. ಹನ್ನೆರಡು, ಹನ್ನೊಂದು. ಕೈ ಗುಂಡಿಯ ಮೇಲಿತ್ತು, ಆದರೆ ಒತ್ತುತ್ತಿರಲಿಲ್ಲ. ಹೋಗಲಿ, ಅಪ್ಪನಾದರೇನು, ಹೋಗಲಿ ಎಂದು ಹನ್ನೊಂದು ತಿಂಗಳ ಸಿಟ್ಟು ಅವಳ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಮೂರಕ್ಕೆ ಬಂದಾಗ ಒತ್ತಿದಳು. ಆಮೇಲೆ ಅವಳನ್ನು ಕಾಡಿದ್ದು ಅಪ್ಪನ ಹೆಸರಿಗಿಂತ ಹೆಚ್ಚಾಗಿ ಇನ್ನೊಂದು ವಿಚಾರ. ಬೇರೆ ಯಾರದೋ ಅಪ್ಪನಾಗಿದ್ದರೆ ಅವಳು ಖಂಡಿತ ಒತ್ತುತ್ತಿರಲಿಲ್ಲ.

ವಿಲ್ಮಾ ಮೇಡಂ ಹಿಂದೆ ನಿಂತು ಎಲ್ಲವನ್ನೂ ನೋಡಿದ್ದರು. ಕೆಲಸದಿಂದ ತೆಗೆಯುವ ಮಾತಾಡಲಿಲ್ಲ. ಬಾಗಿ, ಕರಿಮುಳ್ಳಿಗೆ ಉಣಿಸಿದ ಧ್ವನಿಗಳ ಪಟ್ಟಿಯನ್ನು ತೆರೆದರು. “ಇಲ್ಲಿ ನೋಡು. ಹನ್ನೊಂದು ವರ್ಷದ ರೆಕಾರ್ಡಿಂಗ್, ಎಲ್ಲ ಗೋಲು ಕಂಬದ ಫೋನಿಂದ. ನಿನ್ನ ಅಪ್ಪ ಗೋಲಿನ ಹಿಂದೆ ನಿಂತು ಬೈದದ್ದು ಮಾತ್ರ ಇದಕ್ಕೆ ಗೊತ್ತು. ಆಟ ಮುಗಿದ ಮೇಲೆ ಅವರು ಎಂತ ಮಾಡ್ತಿದ್ರು?”

“ಸೋಡ ಕೊಡ್ತಿದ್ರು,” ಎಂದಳು ನಿಶ್ಮಿತಾ. ಅಂಗಡಿ ಗೋಲು ಕಂಬದಿಂದ ನೂರು ಹೆಜ್ಜೆ ದೂರ. ಅಲ್ಲಿಗೆ ಯಾರೂ ಫೋನು ಕಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಅವಳು ಆ ಅಂಗಡಿಯ ಬೆಂಚಿನಲ್ಲೇ ಕೂರುತ್ತಿದ್ದಳು. ಅಪ್ಪ ತಮ್ಮನ ಹೆಗಲಿಗೆ ಕೈ ಹಾಕಿಕೊಂಡು ಬಂದು, ಬಾಟಲಿಯ ಬಾಯಿ ಒರೆಸಿ, ಏನೂ ಹೇಳದೆ ಅವನ ಕೈಗೆ ಕೊಡುವುದನ್ನು ನೂರು ಸಲ ಕಂಡಿದ್ದಳು. ಅಪ್ಪ ಬೈದದ್ದನ್ನು ಅವಳು ಹತ್ತಿರದಿಂದ ಕೇಳಿರಲಿಲ್ಲ. ಯಂತ್ರ ಅಪ್ಪನ ಅರ್ಧವನ್ನು ಕಲಿತಿತ್ತು, ಅವಳು ಇನ್ನರ್ಧವನ್ನು.

ಇಷ್ಟು ತಿಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಆಟ ಮುಗಿಯುವುದನ್ನೂ ಕಾಯದೆ ಹೊರಟು, ಕಡವಿನ ದೋಣಿಯಲ್ಲಿ ನದಿ ದಾಟುವಾಗ ಅದು ಇನ್ನಷ್ಟು ಏರಿತು. ಸ್ವರ ಕೊಡುವ ಮೊದಲು ಅಪ್ಪ ಒಮ್ಮೆ ಯೋಚಿಸಬಾರದಿತ್ತೇ, ಆಮೇಲೆ ಒಮ್ಮೆಯಾದರೂ ತನ್ನ ಬದಲಿಬಾಯಿ ಏನು ಹೇಳುತ್ತಿದೆಯೆಂದು ಕೇಳಬಾರದಿತ್ತೇ?

ಬೆಳಕಿರುವಾಗಲೇ ಮನೆ ತಲುಪಿದಳು. ಅಪ್ಪ ಜಗಲಿಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡೇ ಕುಳಿತಿದ್ದರು. ಹೆಸರು ಸಿಕ್ಕಿದ ಕೂಡಲೇ ಹೊರಡುವ ಸಿದ್ಧತೆ. ಶೋಧನ್ ಗೋಡೆಗೊರಗಿ ಕುಳಿತಿದ್ದ. ಅಮ್ಮ ಬಾಗಿಲಲ್ಲಿದ್ದರು.

“ಸಿಕ್ಕಿದನಾ?”

“ಸಿಕ್ಕಿದ. ಮೊದಲು ಅವನ ಸ್ವರ ಕೇಳಿ.”

ಅವಳು ಬೇಕೆಂದೇ ಮುಸುಕಿನ ಸ್ವರವನ್ನು ಮೊದಲು ಹಾಕಿದಳು. ಕಳೆದ ವರ್ಷದ್ದು. ಕೈ ಮನೆಯಲ್ಲಿ ಇಟ್ಟು ಬಂದದ್ದಾ ನೀನು? ಆ ಕೈಯನ್ನು ಕಡಿದು ಬಲೆಗೆ ಕಟ್ಟಿ. ಅಪ್ಪನ ಕುತ್ತಿಗೆಯ ನರ ಉಬ್ಬಿತು.

“ಇವನಿಗೆ ಮಕ್ಕಳು ಮರಿ ಇಲ್ವಾ? ಇವನ ನಾಲಿಗೆಗೆ ಹುಳ ಬೀಳ್ಲಿ.”

“ಇನ್ನೂ ಉಂಟು, ಕೇಳಿ.”

ಇನ್ನೂ ಹಾಕಿದಳು. ಅಪ್ಪ ಎದ್ದು ನಿಂತರು. ಅವನ ಹೆತ್ತವರನ್ನು ಬೈದರು, ಅವನು ಕುಡಿಯುವ ನೀರನ್ನು ಬೈದರು, ಬೊಬ್ಬರ್ಯನ ಕಟ್ಟೆಯ ಕಡೆ ಕೈ ತೋರಿಸಿ ಆಣೆಯನ್ನು ಮತ್ತೊಮ್ಮೆ ಹೇಳಿದರು. ನಿಶ್ಮಿತಾ ಅವರು ಹೇಳಿ ಮುಗಿಸುವ ತನಕ ಕಾದಳು. ಆ ಕಾಯುವಿಕೆಯಲ್ಲಿ ಒಂದು ತಣ್ಣನೆಯ ರುಚಿಯಿತ್ತು, ಅದನ್ನು ಅವಳು ಪೂರ್ತಿ ಚಪ್ಪರಿಸಿದಳು. ಆಮೇಲೆ ತೊಳೆದ ಸ್ವರವನ್ನು ಹಾಕಿದಳು.

ಜಗಲಿಯಲ್ಲಿ ಎರಡು ಜಯಕರರಿದ್ದರು. ಒಬ್ಬರು ಫೋನಿನೊಳಗಿನಿಂದ ಬೈಯುತ್ತಿದ್ದರು, ಇನ್ನೊಬ್ಬರು ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು.

“ಇದು ನಾನಲ್ಲ ಮಗಾ,” ಎಂದರು. “ನಾನು ಕಡಲಲ್ಲಿದ್ದೆ. ನಾನು ಇಲ್ಲದಾಗಲೂ ಗೋಲಿನ ಹಿಂದೆ ನನ್ನ ಸ್ವರ ಇರ್ಲಿ, ಅವನಿಗೆ ಧೈರ್ಯ ಇರ್ತದೆ ಅಂತ ಕೊಟ್ಟದ್ದು.”

“ಸಾಕು ಅಕ್ಕ. ಆಫ್ ಮಾಡು.”

ಯಾರು ಮಾತಾಡಿದ್ದೆಂದು ಅಮ್ಮನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಶೋಧನ್‌ನ ಸ್ವರ ತುಕ್ಕು ಹಿಡಿದಿತ್ತು.

“ನಂಗೆ ಗೊತ್ತುಂಟು ಅದು ಅಪ್ಪನದ್ದು ಅಂತ. ಆವತ್ತಿಂದಲೇ ಗೊತ್ತುಂಟು. ಮುಸುಕು ಹಾಕಿದ್ರೆ ಸ್ವರ ಬದಲಾಗ್ತದೆ, ಬೈಯುವ ಕ್ರಮ ಬದಲಾಗ್ತದಾ? ಅಪ್ಪ ಬಲೆ ಎಳೆದ ಹಾಗೆ ಬೈಯುದು. ಎರಡು ಮಾತು ನಿಧಾನ, ಮೂರನೆಯದಕ್ಕೆ ಒಂದು ಜಗ್ಗು. ಗೋಲಿನ ಹಿಂದಿಂದ ‘ಕಣ್ಣು ಬಿಡು ಶೋಧೂ’ ಅಂತ ಕೇಳಿತು. ಅಪ್ಪ ಬೋಟು ಬೇಗ ತಿರುಗಿಸಿ ನನ್ನ ಆಟ ನೋಡ್ಲಿಕ್ಕೆ ಬಂದ್ರು ಅಂತ ಗ್ರಹಿಸಿದೆ. ಅದಕ್ಕೇ ತಿರುಗಿದ್ದು.”

ಅಪ್ಪ ಏನೋ ಹೇಳಲು ಹೋದರು.

“ಬೈದದ್ದಕ್ಕೆ ನಂಗೆ ಬೇಸರ ಇಲ್ಲ,” ಎಂದ ಶೋಧನ್. “ಸಣ್ಣದಿರುವಾಗಿಂದ ಕೇಳಿದ್ದಲ್ವಾ. ಎಂಟು ದಿನ ಕಳೆದು ಬೋಟು ಬಂತು. ಆವತ್ತು ನಾನು ಕಾಕನ ಅಂಗಡಿ ಎದುರು ಹೋಗಿ ಕೂತಿದ್ದೆ. ಸಂಜೆವರೆಗೆ ಕೂತಿದ್ದೆ. ನೀವು ಅದೇ ದಾರಿಯಲ್ಲಿ ಬಂದ್ರಿ. ‘ಎಂತ ಕೂತದ್ದು ಇಲ್ಲಿ, ಮನೆಗೆ ನಡಿ’ ಅಂದ್ರಿ. ಸೋಡ ಕೊಡ್ಲಿಲ್ಲ.”

ಜಯಕರ ಚಪ್ಪಲಿ ಕಳಚಿದರು. ಬೊಬ್ಬರ್ಯನ ಕಟ್ಟೆಯ ಕಡೆಗೊಮ್ಮೆ ನೋಡಿದರು. ತೆರೆದ ಬಾಯಿಯನ್ನು ಮುಚ್ಚಿದರು. ಆಣೆ ಎಂದರೆ ಆಣೆ, ಮಗನ ಬಾಯಿ ಮುಚ್ಚಿಸಿದವನ ಸ್ವರ ಕುದ್ರುವಿನಲ್ಲಿ ಮತ್ತೆ ಕೇಳಬಾರದು. ಆ ಸಂಜೆಯಿಂದ ಕೇಳಲಿಲ್ಲ.

ಮೂಕ ತಾಂಡೇಲನ ಬೋಟಿಗೆ ಯಾರು ಹತ್ತುತ್ತಾರೆ? ಗಾಳಿ ಎದ್ದಾಗ ಬಲೆ ಕಡಿ ಎಂದು ಕೂಗುವವರು ಬೇಕು. ಹದಿನೈದು ದಿನದಲ್ಲಿ ಬೋಟು ಬೇರೆಯವರ ಕೈಗೆ ಹೋಯಿತು. ಅಪ್ಪ ದಡದಲ್ಲಿ ಕುಳಿತು ಬಲೆ ಹೊಲಿಯತೊಡಗಿದರು. ತನ್ನ ಬದಲಿಬಾಯಿಯನ್ನು ಅಳಿಸಿಹಾಕಿಸಿದ್ದರು, ಆದರೆ ಅದರ ಮಾತುಗಳನ್ನು ಕಲಿತ ಬೇರೆ ಸಾವಿರಾರು ಬಾಯಿಗಳು ಯಾರ್ಯಾರದೋ ಮಕ್ಕಳಿಗೆ ಅದನ್ನೇ ಹೇಳುತ್ತ ಉಳಿದವು. ಧ್ವನಿಕೋಣೆಯ ಕೆಲಸವನ್ನು ನಿಶ್ಮಿತಾ ಬಿಟ್ಟಳು. ಮನೆಯಲ್ಲಿ ಅವಳೂ ಅಪ್ಪನೊಡನೆ ಮಾತಾಡಲಿಲ್ಲ. ಅಮ್ಮ ಒಂದು ದಿನ, “ಮೊದಲು ಒಬ್ಬ ಮೂಗ ಇದ್ದ, ಈಗ ಮೂಗ ಒಬ್ರು, ಕಲ್ಲು ಒಂದು” ಎಂದರು. ಕಲ್ಲು ಎಂದರೆ ತಾನೇ ಎಂದು ನಿಶ್ಮಿತಾಗೆ ತಿಳಿಯಿತು. ತಿಳಿದರೂ ಕರಗಲಿಲ್ಲ. ಅಪ್ಪ ಅನುಭವಿಸಲಿ ಎಂದೇ ಅವಳ ಲೆಕ್ಕ.

ನಲವತ್ತನೆಯ ದಿನ ಕುದ್ರುವಿನ ಮೈದಾನದಲ್ಲಿ ಮೇಲ್ಕೇರಿ ಕೆಳಕೇರಿಯ ಆಟವಿತ್ತು. ಶೋಧನ್ ಅಟ್ಟದಿಂದ ಕೈಗವಸು ಇಳಿಸಿ, ಜೇಡರಬಲೆ ಕೊಡವಿ, ಕೆಳಕೇರಿಯ ಗೋಲಿನ ಮುಂದೆ ಹೋಗಿ ನಿಂತ. ಅಪ್ಪ ಗೋಲಿನ ಹಿಂದೆ ತನ್ನ ಹಳೆಯ ಜಾಗದಲ್ಲಿ ನಿಂತರು. ಮೊದಲರ್ಧದಲ್ಲಿ ಶೋಧನ್ ಎರಡು ಚೆಂಡು ಬಿಟ್ಟ. ಪ್ರತಿ ಸಲವೂ ಹಿಂದೆ ತಿರುಗಿ ನೋಡಿದ. ಅಪ್ಪನ ತುಟಿ ಬಿಗಿದೇ ಇತ್ತು. ಮಧ್ಯಂತರಕ್ಕೆ ಅಪ್ಪ ಅಂಗಡಿಗೆ ಹೋಗಿ ಸೋಡ ತಂದು, ಬಾಟಲಿಯ ಬಾಯಿ ಒರೆಸಿ, ಮಗನತ್ತ ಚಾಚಿದರು.

ಶೋಧನ್ ಅದನ್ನು ತೆಗೆದುಕೊಳ್ಳಲಿಲ್ಲ. “ಬೈಯದೆ ಸೋಡ ಕುಡಿಯುವ ಕ್ರಮ ಇಲ್ಲಿ ಇಲ್ಲ ಅಪ್ಪ,” ಎಂದ. “ಹಳೆಯದ್ದರದ್ದು ಅಂತ ಕೊಡುದಾದ್ರೆ, ಅದನ್ನು ಬೈದದ್ದು ನೀವಲ್ಲ. ಹೊಸತು ಬೈರಿ, ಕುಡಿತೇನೆ.”

ಅಪ್ಪ ತುಂಬಿದ ಬಾಟಲಿ ಹಿಡಿದುಕೊಂಡು ಅಂಗಡಿಗೆ ಹಿಂದಿರುಗಿದರು. ಬೆಂಚಿನ ಒಂದು ತುದಿಯಲ್ಲಿ ನಿಶ್ಮಿತಾ ಕುಳಿತಿದ್ದಳು. ಅಪ್ಪ ಇನ್ನೊಂದು ತುದಿಯಲ್ಲಿ ಕುಳಿತರು. ಇದ್ದಿನಬ್ಬ ಕಾಕ ಇಬ್ಬರನ್ನೂ ನೋಡಿ, ಒಂದು ಹೊಸ ಸೋಡವನ್ನು ಅವಳ ಮುಂದೆ ಇಟ್ಟರು.

“ನಂಗೆ ಬೇಡ ಕಾಕ.”

“ನಿಂಗಲ್ಲ. ಆವತ್ತು ಜಗಲಿಯಲ್ಲಿ ಫೋನು ಹಾಕಿ ಅಪ್ಪನಿಗೆ ಬೈದದ್ದು ಯಾರು? ಇಡೀ ಊರಿಗೆ ಕೇಳಿದೆ. ಅದರ ಸೋಡ ಎಲ್ಲಿ?”

“ನಾನು ಒಂದು ಮಾತು ಸಹ ಬೈಲಿಲ್ಲ. ಅವರ ಸ್ವರವನ್ನೇ ಅವರಿಗೆ ಕೇಳಿಸಿದ್ದು.”

“ಹಾಗಾದ್ರೆ ನೀನೂ ಆ ಯಂತ್ರದ್ದೇ ಜಾತಿ ಆಯ್ತು,” ಎಂದರು ಕಾಕ. “ಅದಕ್ಕೆ ಸೋಡ ಕೊಡ್ಲಿಕ್ಕೆ ಕೈ ಇಲ್ಲ. ನಿಂಗೆ ಉಂಟಲ್ವಾ?”

ನಿಶ್ಮಿತಾ ಬಾಟಲಿಯನ್ನು ಕೈಗೆತ್ತಿಕೊಂಡಳು. ಸಿಟ್ಟು ಇನ್ನೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಎದ್ದಳು. ಬಾಟಲಿಯ ಬಾಯಿಯನ್ನು ದುಪ್ಪಟ್ಟದಿಂದ ಒರೆಸಿದಳು. ಅಪ್ಪನ ಮುಂದೆ ನಿಂತು, ನಲವತ್ತು ದಿನದಲ್ಲಿ ಮೊದಲ ಸಲ ಅವರ ಮುಖ ನೋಡಿ, ಕೈಗೆ ಕೊಟ್ಟಳು. ಅಪ್ಪನ ಮುಖ ಇಳಿದುಹೋಗಿತ್ತು.

ಅಪ್ಪ ಬೊಬ್ಬರ್ಯನ ಕಟ್ಟೆಯ ಕಡೆ ನೋಡಿದರು.

“ಕುಡಿ ಮಾರಾಯ,” ಎಂದರು ಇದ್ದಿನಬ್ಬ ಕಾಕ. “ಸೋಡ ಕುಡಿದ ಮೇಲೆ ದೈವದ ಮುಂದೆ ಸಹ ಮಾತು ಎತ್ಲಿಕ್ಕಿಲ್ಲ, ನಿನ್ನ ಆಣೆ ಸಹ ಅಲ್ಲಿಗೆ ಮುಗೀತು. ಬೊಬ್ಬರ್ಯನ ಅಪ್ಪ ನಮ್ಮ ಮುಸ್ಲಿಮರ ಕಡೆಯವ ಅಂತ ನೀವು ದೈವಕ್ಕೆ ಹಾಡುವ ಪಾಡ್ದನದಲ್ಲೇ ಉಂಟಲ್ವಾ. ಆ ಲೆಕ್ಕದಲ್ಲಿ ನಾನು ಅವನಿಗೆ ಹೇಳ್ತೇನೆ.”

ಅಪ್ಪ ಒಂದೇ ಗುಟುಕಿಗೆ ಬಾಟಲಿ ಖಾಲಿ ಮಾಡಿದರು. ಕಣ್ಣಲ್ಲಿ ನೀರು ಬಂತು, ಸೋಡದ ಗ್ಯಾಸಿಗೆ ಎಂದು ಬೇಕಾದರೆ ಹೇಳಬಹುದು. ಒರೆಸಿಕೊಂಡು ಸೀದಾ ಗೋಲಿನ ಹಿಂದಕ್ಕೆ ನಡೆದರು.

ಎರಡನೆಯ ಅರ್ಧ ಶುರುವಾಗಿತ್ತು. ಮೇಲ್ಕೇರಿಯವನೊಬ್ಬ ಚೆಂಡು ತೆಗೆದುಕೊಂಡು ಒಬ್ಬನೇ ನುಗ್ಗಿ ಬರುತ್ತಿದ್ದ. ಆಗ ನಲವತ್ತು ದಿನ ಮುಚ್ಚಿದ್ದ ಗಂಟಲು ಇಡೀ ಕುದ್ರುವಿಗೆ ಕೇಳುವಂತೆ ಬಿರಿಯಿತು.

“ಕೈ ಅಟ್ಟದಲ್ಲೇ ಬಿಟ್ಟು ಬಂದದ್ದಾ ನೀನು? ಗೂಟ ನೆಟ್ಟ ಹಾಗೆ ಎಂತ ನಿಂತದ್ದು, ದರಿದ್ರದವನೇ, ಮುಂದೆ ಹೋಗು.”

ಶೋಧನ್ ಈ ಸಲ ತಿರುಗಿ ನೋಡಲಿಲ್ಲ. ಮೊಣಕಾಲು ಬಗ್ಗಿಸಿ, ಎರಡೂ ಕೈ ಚಾಚಿ, ಚೆಂಡಿನ ಕಡೆಗೆ ಹಾರಿದ.